ಭೂತದ ಸಿನಿಮಾಕ್ಕೆ ಗುಡುಗು ಮಾಡಿಕೊಟ್ಟದ್ದು

ಕೋವಿಡ್ ಮುಗಿದು ಜನ ಮಾಸ್ಕು ತೆಗೆದು ಸಿನಿಮಾ ಮಂದಿರಗಳಲ್ಲಿ ಮತ್ತೆ ಭುಜಕ್ಕೆ ಭುಜ ತಾಗಿಸಿ ಕೂರತೊಡಗಿದ ವರ್ಷ ಅದು. ಬೇ ಏರಿಯಾದ ಸ್ಯಾನ್ ಲಿಯಾಂಡ್ರೋದಲ್ಲಿ ನನ್ನ ಸ್ವಂತ ಶೀಟ್ ಮೆಟಲ್ ಶಾಪಿಗೆ ಆಗ ನಾಲ್ಕನೇ ವರ್ಷ ನಡೆಯುತ್ತಿತ್ತು. ಶೀಟ್ ಮೆಟಲ್ ಎಂದರೆ ತಗಡಿನ ಕೆಲಸ. ಹೀಟರಿನ ಬಿಸಿಗಾಳಿ, ಏಸಿಯ ತಣ್ಣನೆ ಗಾಳಿ ಕೋಣೆಯಿಂದ ಕೋಣೆಗೆ ಹೋಗಲು ಸೀಲಿಂಗಿನ ಮೇಲೆ ಚೌಕದ ಕೊಳವೆಗಳಿರುತ್ತವಲ್ಲ, ಅವಕ್ಕೆ ಡಕ್ಟು ಎನ್ನುತ್ತಾರೆ. ಅವನ್ನು ಕತ್ತರಿಸಿ, ಮಡಿಸಿ, ಜೋಡಿಸಿ ಕೂರಿಸುವುದು ನನ್ನ ವೃತ್ತಿ.

ನಾನು ಉಡುಪಿ ಕಡೆಯವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಇದನ್ನು ತಲೆ ತಗ್ಗಿಸಿ ಹೇಳುತ್ತಿಲ್ಲ. ಮಲ್ಪೆಯಲ್ಲಿ ಮೀನಿನ ಐಸ್ ಪೆಟ್ಟಿಗೆಗಳಿಗೆ ತಗಡು ಹೊದೆಸುತ್ತ ಕೈ ಪಳಗಿಸಿಕೊಂಡೆ, ಮಸ್ಕತ್ತಿನಲ್ಲಿ ಡಕ್ಟು ಕಲಿತೆ. ನರ್ಸಾಗಿದ್ದ ಹೆಂಡತಿ ವನಜಾಳಿಗೆ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದಾಗ ಅವಳ ಜೊತೆ ಬಂದೆ. ಹತ್ತು ಜನರ ಕೈಕೆಳಗೆ ದುಡಿದು ಕೊನೆಗೆ ನನ್ನದೇ ಹೆಸರಿನ ಬೋರ್ಡು ಹಾಕಿದೆ. ನನ್ನ ಕೆಲಸದ ಬಗ್ಗೆ ಕಂಟ್ರ್ಯಾಕ್ಟರುಗಳು ಒಂದೇ ಮಾತು ಹೇಳುತ್ತಿದ್ದರು: ಶೇಖರ ಹಾಕಿದ ಡಕ್ಟು ಸದ್ದು ಮಾಡುವುದಿಲ್ಲ.

ಈ ಕಥೆ ಶುರುವಾದದ್ದು ಸ್ಯಾನ್ ರಮೋನಿನ ಒಂದು ಮನೆಯಲ್ಲಿ. ಹಳೆಯ ಡಕ್ಟು ಬದಲಿಸಲು ಹೋಗಿದ್ದೆ. ಡ್ರೈವ್‌ವೇಯಲ್ಲಿ ತಗಡುಗಳನ್ನು ಇಳಿಸುತ್ತಿದ್ದಾಗ ಮನೆಯೊಡತಿ ಶೈಲಜಾ ಹೊರಗೆ ಬಂದರು. ಧಾರವಾಡದವರು, ಹಾರ್ಡ್‌ವೇರ್ ಇಂಜಿನಿಯರು. ನಾನು ಫೋನಿನಲ್ಲಿ ವನಜಾಳ ಜೊತೆ ಮಾತಾಡುವಾಗ ತುಳುವಿನ ನಡುವೆ ಬಂದ ಕನ್ನಡ ಅವರ ಕಿವಿಗೆ ಬಿದ್ದಿತ್ತು.

"ಅಣ್ಣಾರ, ಒಂದ್ ನಿಮಿಷ. ಈ ತಗಡು ಬಡೀಲೇನ್ರಿ?"

"ಎಂತಕ್ಕೆ ಮೇಡಂ?"

"ಗುಡುಗು ಹೆಂಗ ಬರ್ತದ ನೋಡೂಣಂತ."

ಈ ಹೆಂಗಸಿಗೆ ಎಂತದೋ ಆಗಿದೆ ಎಂದುಕೊಂಡೆ. ಅವರು ಗೆಣ್ಣಿನಿಂದ ತಗಡಿನ ಮೇಲೆ ತಟ್ಟಿ, ಕಿವಿ ಹತ್ತಿರ ಹಿಡಿದು, ಮುಖ ಸಿಂಡರಿಸಿದರು. ಆಮೇಲೆ ವಿಷಯ ಹೇಳಿದರು. ಅವರು ಇಲ್ಲಿಯ ಒಂದು ಕಮ್ಯುನಿಟಿ ಆರ್ಕೆಸ್ಟ್ರಾದಲ್ಲಿ ಪರ್ಕಶನ್ ನುಡಿಸುತ್ತಾರೆ, ಅಂದರೆ ಡ್ರಮ್ಮು, ತಾಳ, ಗಂಟೆ ಹೀಗೆ ಬಡಿಯುವ ವಾದ್ಯಗಳು. ಆ ವರ್ಷ ಆರ್ಕೆಸ್ಟ್ರಾ ಒಂದು ಹಳೆಯ ಬ್ರಿಟಿಷ್ ಭೂತದ ಸಿನಿಮಾವನ್ನು ಎತ್ತಿಕೊಂಡಿತ್ತು. ಪರದೆಯ ಮೇಲೆ ಸಂಗೀತ ತೆಗೆದು ಬರೀ ಮಾತು ಉಳಿಸಿದ ಚಿತ್ರ ಓಡುತ್ತದೆ. ಕೆಳಗೆ ಕೂತ ಅರವತ್ತು ಜನ ಅದರ ಸಂಗೀತವನ್ನು ಎದುರೇ ನುಡಿಸುತ್ತಾರೆ. ಆ ಸಂಗೀತವನ್ನು ಬರೆದಿಟ್ಟ ಕಾಗದಕ್ಕೆ ಸ್ಕೋರು ಎನ್ನುತ್ತಾರೆ. ಅದರಲ್ಲಿ ಗುಡುಗು ಕೂಡ ಬರೆದಿತ್ತು.

"ಇದು ಬರೇ ಎಫೆಕ್ಟ್ ಅಲ್ರಿ, ಸಂಗೀತದ ಭಾಗ," ಎಂದರು ಶೈಲಜಾ. "ಸಣ್ಣಗ ಶುರು ಆಗಬೇಕು, ಟ್ರಾಂಬೋನ್ ಅನ್ನೂ ಕಹಳಿ ಕೂಡ ಏರಬೇಕು, ಗಪ್ಪಂತ ನಿಲ್ಲಬೇಕು. ಅದಕ್ಕ ದೊಡ್ಡ ತಗಡು ತೂಗು ಹಾಕಿ ಅಲ್ಲಾಡಸ್ತಾರ. ಥಂಡರ್ ಶೀಟ್ ಅಂತ."

"ಅಂಗಡಿಯಲ್ಲಿ ಸಿಗುವುದಿಲ್ವಾ?"

"ಒಂದು ತರಿಸಿದ್ದೆ. ಅಡಗಿಮನ್ಯಾಗ ಯಾರೋ ತಾಟು ಬೀಳಿಸಿದಂಗ ಕೇಳ್ತದ. ಆರ್ಕೆಸ್ಟ್ರಾದ ಬೋರ್ಡಿನವರು ಲ್ಯಾಪ್‌ಟಾಪಿನಾಗ ಗುಡುಗು ಇಟ್ಕೊಂಡು ಬಟನ್ ಒತ್ರಿ ಅಂತಾರ. ಇಷ್ಟು ವರ್ಷ ಹಿಂದಿನ ಸಾಲಿನ್ಯಾಗ ನಿಂತು, ನನ್ನ ಸರತಿ ಬರೂತನಕ ಮಂದಿ ನುಡಿಸೂದನ್ನ ಎಣಿಸ್ಕೋತ ಬಂದೀನಿ. ನಮ್ಮ ಸಾಲಿಗೆ ಒಂದು ಸಿನಿಮಾ ಸಿಕ್ಕದ. ಅದನ್ನೂ ಬಟನ್ನಿಗೆ ಕೊಡೂದೇನ್ರಿ?"

ತಗಡಿನ ಕೆಲಸವನ್ನು ಬಟನ್ನಿಗೆ ಬಿಡುವುದು ನನಗೂ ಒಪ್ಪಿಗೆಯಾಗಲಿಲ್ಲ. "ನಾನು ಮಾಡಿಕೊಡ್ತೇನೆ ಮೇಡಂ. ಬೇ ಏರಿಯಾದಲ್ಲಿ ಇಲ್ಲದಂಥದ್ದು," ಎಂದುಬಿಟ್ಟೆ.

ಮಾತು ಕೊಟ್ಟ ಮೇಲೆ ಆ ಸಿನಿಮಾ ನೋಡಬೇಕಲ್ಲ. ಭಾನುವಾರ ಮಧ್ಯಾಹ್ನ ವನಜಾಳನ್ನೂ ಕೂರಿಸಿಕೊಂಡು ಹಾಕಿದೆ. ಕೋಟೆ, ಕುದುರೆಗಾಡಿ, ಮಂಜು. ಮೆಟ್ಟಿಲ ಮೇಲೆ ಕಪ್ಪು ನಿಲುವಂಗಿಯ ಎತ್ತರದ ಮನುಷ್ಯ.

"ಇವ ಯಾರು, ಇಷ್ಟು ಸಪೂರ?" ಎಂದಳು ವನಜಾ. ನಮ್ಮ ಮನೆಮಾತು ತುಳು. ಓದುವವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇವನೇ ಭೂತ. ರಾತ್ರಿ ರಕ್ತ ಕುಡಿಯುವವ."

"ಪಾಪ. ನಮ್ಮಲ್ಲಾದರೆ ವರ್ಷಕ್ಕೊಮ್ಮೆ ಕೋಲ ಕೊಟ್ಟು ಮರ್ಯಾದೆಯಲ್ಲಿ ಇಟ್ಟುಕೊಳ್ತಿದ್ದರು. ಇವರು ಪೆಟ್ಟಿಗೆಯಲ್ಲಿ ಮಲಗಿಸಿ ಉಪವಾಸ ಹಾಕಿದ್ದಾರೆ. ಅವ ಕಚ್ಚದೆ ಏನು ಮಾಡ್ತಾನೆ?"

ಅಷ್ಟರಲ್ಲಿ ಅವಳಿಗೆ ಆಸ್ಪತ್ರೆಯಿಂದ ಫೋನು ಬಂತು, ಟಿವಿಯ ಸದ್ದು ತೆಗೆದೆ. ಸದ್ದಿಲ್ಲದೆ ನೋಡಿದರೆ ಅದೇ ಮನುಷ್ಯ ಬಸ್ಸಿಗೆ ಕಾಯುತ್ತಿರುವವನ ಹಾಗೆ ಕಂಡ. ಫೋನು ಇಟ್ಟ ಮೇಲೆ ಅದೇ ದೃಶ್ಯವನ್ನು ಸದ್ದಿನೊಡನೆ ಹಾಕಿದೆ. ಕೆಳಗಿನಿಂದ ಟ್ರಾಂಬೋನುಗಳು ಒಂದೊಂದೇ ಸ್ವರ ಮೇಲಕ್ಕೆ ತುಳಿಯುತ್ತ ಬಂದವು, ಪಿಟೀಲುಗಳು ನಡುಗಿದವು. ವನಜಾ ಎರಡೂ ಕಾಲು ಸೋಫಾದ ಮೇಲೆ ಎಳೆದುಕೊಂಡಳು. ಇಪ್ಪತ್ತು ವರ್ಷ ಐಸಿಯು ನೋಡಿದವಳು!

ಇಂಥ ಸಿನಿಮಾ ತೆಗೆಯುತ್ತಿದ್ದ ಕಂಪನಿಗಳ ಹತ್ತಿರ ದುಡ್ಡು ಇರಲಿಲ್ಲ, ಒಂದೇ ಕಾಡನ್ನು, ಒಂದೇ ಮೆಟ್ಟಿಲನ್ನು ಸಿನಿಮಾದಿಂದ ಸಿನಿಮಾಕ್ಕೆ ತೋರಿಸುತ್ತಿದ್ದರು, ಹೆದರಿಸುವ ಕೆಲಸವೆಲ್ಲ ಸಂಗೀತದ ಮೇಲೆ ಬೀಳುತ್ತಿತ್ತು ಎಂದು ಶೈಲಜಾ ಹೇಳಿದ್ದು ಆಗ ಅರ್ಥವಾಯಿತು. ಕಾಣದ ಜಾಗದಲ್ಲಿ ಕೂತು ಇಡೀ ಮನೆಯನ್ನು ನಡೆಸುವುದು. ನನ್ನ ಡಕ್ಟಿನದೂ ಅದೇ ಕೆಲಸ.

ಮರುದಿನದಿಂದಲೇ ಶುರು ಮಾಡಿದೆ. ನಾಲ್ಕಡಿ ಅಗಲ, ಎಂಟಡಿ ಉದ್ದದ ಒಳ್ಳೆಯ ತಗಡು ಆರಿಸಿದೆ. ನನ್ನಲ್ಲಿರುವ ವಿದ್ಯೆಯನ್ನೆಲ್ಲ ಅದಕ್ಕೆ ಸುರಿದೆ. ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತಿನಂತೆ ನವಿರಾದ ಎರಡು ಮಡಿಕೆ ಕೊಟ್ಟೆ. ನಾಲ್ಕೂ ಅಂಚನ್ನು ಒಳಕ್ಕೆ ಮಡಿಸಿ ಬಡಿದೆ, ಮೂಲೆಗಳನ್ನು ದುಂಡಗೆ ಮಾಡಿದೆ, ಕಬ್ಬಿಣದ ಚೌಕಟ್ಟಿಗೆ ಬೋಲ್ಟು ಹಾಕಿ ಬಿಗಿದೆ. ಕನ್ನಡಿಯ ಹಾಗಿತ್ತು. ಟ್ರಕ್ಕಿಗೆ ಕಟ್ಟಿಕೊಂಡು ಸೇತುವೆ ದಾಟಿ ಸ್ಯಾನ್ ಮಟಿಯೋಗೆ ಹೋದೆ. ಅಲ್ಲಿಯ ಒಂದು ಚರ್ಚಿನ ಹಾಲಿನಲ್ಲಿ ರಿಹರ್ಸಲು.

ಎದುರು ನಿಂತು ಕೋಲು ಬೀಸಿ ಆರ್ಕೆಸ್ಟ್ರಾ ನಡೆಸುವವರು ಹೆಲೆನ್ ಎಂಬ ಬಿಳಿಕೂದಲಿನ ಹೆಂಗಸು, ಮಾತು ಕಡಿಮೆ. ಅರವತ್ತು ಜನ ತಿರುಗಿ ನೋಡುತ್ತಿದ್ದರು. ಶೈಲಜಾ ತಗಡಿನ ಕೆಳಭಾಗ ಹಿಡಿದು ಅಲ್ಲಾಡಿಸಿದರು.

ಟಪ್.

ಇನ್ನೊಮ್ಮೆ, ಜೋರಾಗಿ. ಟಪ್ ಟಪ್. ಅಷ್ಟೇ.

ಹೆಲೆನ್ ಹತ್ತಿರ ಬಂದು ಅಂಚನ್ನು ಬೆರಳಿಂದ ಸವರಿ ಹೇಳಿದರು: "ಬಹಳ ಸುಂದರವಾಗಿದೆ. ಆದರೆ ಇದು ಬಾಗಿಲು." ಅರವತ್ತು ಜನವೂ ನಕ್ಕರು. ಮುಂದಿನ ವಾರ ಚಿತ್ರದ ಜೊತೆ ಪೂರ್ತಿ ರಿಹರ್ಸಲು ಇದೆ, ಅಷ್ಟರಲ್ಲಿ ಗುಡುಗು ಬರದಿದ್ದರೆ ಲ್ಯಾಪ್‌ಟಾಪೇ ಗಟ್ಟಿ ಎಂದೂ ಹೇಳಿದರು.

ಪಾರ್ಕಿಂಗ್ ಲಾಟಿನಲ್ಲಿ ತಗಡನ್ನು ಮತ್ತೆ ಟ್ರಕ್ಕಿಗೆ ಏರಿಸುವಾಗ ನನ್ನ ಕಿವಿ ಬಿಸಿಯಾಗಿತ್ತು. "ಇದಕ್ಕಿಂತ ಚೆಂದ ಯಾರೂ ಮಾಡ್ಲಿಕ್ಕಿಲ್ಲ ಮೇಡಂ."

"ಭಾಳ ಛಲೋ ಮಾಡೀರಿ ಅಣ್ಣಾರ. ಅದಽ ತೊಂದರಿ ಆಗ್ಯದೇನೋ." ಶೈಲಜಾ ಮಡಿಕೆಯ ಮೇಲೆ ಬೆರಳಿಟ್ಟರು. "ಇದು ಯಾಕ್ರಿ ಹಾಕೀರಿ?"

"ಸದ್ದು ಬರಬಾರದು ಅಂತ," ಎಂದೆ.

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅಗಲವಾದ ತಗಡು ಗಾಳಿಯ ಒತ್ತಡಕ್ಕೆ ಉಬ್ಬಿ ಕುಗ್ಗಿ ಡಬಡಬ ಎನ್ನುತ್ತದೆ. ಅದು ಬಾಯಿ ಮುಚ್ಚಲಿ ಎಂದೇ ಆ ಅಡ್ಡ ಮಡಿಕೆ, ಅದಕ್ಕೆಂದೇ ಅಂಚಿನ ಮಡಿಕೆ, ಅದಕ್ಕೆಂದೇ ಬಿಗಿ ಬೋಲ್ಟು. ಗುಡುಗು ಮಾಡುತ್ತೇನೆಂದು ಮಾತು ಕೊಟ್ಟು, ಗುಡುಗಿನ ಬಾಯಿಗೆ ನಾನೇ ಬಟ್ಟೆ ತುರುಕಿದ್ದೆ! ಶೈಲಜಾ ನಗತೊಡಗಿದರು. ಮೊದಲು ಸಿಟ್ಟು ಬಂತು, ಆಮೇಲೆ ನನಗೂ ತಡೆಯಲಾಗಲಿಲ್ಲ. ಇಬ್ಬರೂ ಟ್ರಕ್ಕಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆ ವಾರವಿಡೀ ಶೈಲಜಾ ಆಫೀಸು ಮುಗಿಸಿ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ನನ್ನ ಶಾಪಿಗೆ ಬಂದರು. ತಗಡಿನ ದಪ್ಪವನ್ನು ಗೇಜಿನಲ್ಲಿ ಹೇಳುತ್ತೇವೆ. ನಂಬರು ದೊಡ್ಡದಾದಷ್ಟೂ ತಗಡು ತೆಳು. ಇಪ್ಪತ್ತಾರು ಗೇಜು ಬಿಸ್ಕೆಟ್ ಡಬ್ಬಿಯಂತೆ ಕಿರುಚಿತು. ಹದಿನೆಂಟು ಅಲುಗಲೇ ಒಪ್ಪಲಿಲ್ಲ. ಕಷ್ಟವಿದ್ದದ್ದು ತಗಡಿನಲ್ಲಿ ಅಲ್ಲ, ನನ್ನ ಕೈಯಲ್ಲಿ. ಹೊಸ ತಗಡು ಕತ್ತರಿಸಿದ ಕೂಡಲೇ ಕೈ ಅದನ್ನು ತಾನಾಗಿ ಮಡಿಸುವ ಯಂತ್ರದ ಕಡೆಗೆ ಒಯ್ಯುತ್ತಿತ್ತು.

"ಮಡಿಸಬ್ಯಾಡ್ರೀ!" ಎಂದು ಶೈಲಜಾ ಶಾಪಿನ ಆ ತುದಿಯಿಂದ ಕೂಗುತ್ತಿದ್ದರು. "ಬಿಡ್ರಿ ಅದನ್ನ, ಬತ್ತಲೆ ಇರಲಿ!"

ಕೊನೆಗೆ ಒಪ್ಪಿದ್ದು ಇಪ್ಪತ್ತೆರಡು ಗೇಜಿನ ಸ್ಟೇನ್‌ಲೆಸ್ ಸ್ಟೀಲು, ಹತ್ತಡಿ ಉದ್ದ. ಎರಡೇ ತೂತು, ಎರಡು ಹಗ್ಗ. ಅಂಚನ್ನು ಮಡಿಸಲಿಲ್ಲ, ಅವರ ಕೈ ಕುಯ್ಯದಂತೆ ಅರದಿಂದ ಉಜ್ಜಿ ನಯ ಮಾಡಿ, ಕೆಳಗೆ ಮರದ ಹಿಡಿ ಕೂರಿಸಿದೆ. ಫೋರ್ಕ್‌ಲಿಫ್ಟಿಗೆ ತೂಗು ಹಾಕಿದೆವು. ಶೈಲಜಾ ಒಮ್ಮೆಗೇ ಜಾಡಿಸಿದರು.

"ಹಾಗಲ್ಲ," ಎಂದೆ. "ಗುಡುಗು ಮನೆ ಮೇಲೆ ಹುಟ್ಟುವುದಲ್ಲ ಮೇಡಂ, ಕಡಲಿನ ಆ ಕಡೆ ಹುಟ್ಟುವುದು. ಉರುಳಿಕೊಂಡು ಬರ್ಲಿ."

ಅವರು ಕಣ್ಣು ಮುಚ್ಚಿ ಮಣಿಕಟ್ಟಿನಿಂದ ಮಾತ್ರ ಅಲುಗಿಸಿದರು. ತಗಡಿನ ಬುಡದಲ್ಲಿ ಎಂತದೋ ಎಚ್ಚರವಾಯಿತು. ಅದು ಮೇಲಕ್ಕೆ ಹತ್ತಿತು, ದಪ್ಪವಾಯಿತು, ಶಾಪಿನ ಗೋಡೆಗಳು ಗುಂಯ್ಗುಟ್ಟಿದವು. ಪಕ್ಕದ ಟೈಲ್ಸ್ ಅಂಗಡಿಯವನು ಹೊರಗೆ ಓಡಿ ಬಂದು ಆಕಾಶ ನೋಡಿದ. ಈ ಊರಲ್ಲಿ ಗುಡುಗು ಅಪರೂಪ. ಮೋಡದ ಚೂರೂ ಇರಲಿಲ್ಲ. "ಅರ್ಥ್‌ಕ್ವೇಕಾ?" ಎಂದು ಕೇಳಿದ.

"ಅಲ್ಲ, ಇಪ್ಪತ್ತೆರಡು ಗೇಜು," ಎಂದೆ.

ಪೂರ್ತಿ ರಿಹರ್ಸಲು ಓಕ್‌ಲ್ಯಾಂಡಿನ ಒಂದು ಹಳೆಯ ಸಿನಿಮಾ ಮಂದಿರದಲ್ಲಿ. ನಾನು ಎದುರಿನ ಸಾಲಿನಲ್ಲಿ ಕೂತಿದ್ದೆ. ಶವಪೆಟ್ಟಿಗೆಯ ದೃಶ್ಯ ಬಂತು. ಗುಡುಗು ಟ್ರಾಂಬೋನುಗಳ ಜೊತೆ ಹೆಗಲು ಕೊಟ್ಟು ಏರಿತು; ಹೆಲೆನ್ ಹುಬ್ಬು ಎತ್ತಿದರು. ಮುಚ್ಚಳ ತೆರೆಯುವ ಗಳಿಗೆಗೆ ಅವರ ಕೈ ಮುಷ್ಟಿಯಾಯಿತು. ಎಲ್ಲ ನಿಲ್ಲಬೇಕು, ಒಂದೇ ಒಂದು ವಯೋಲಾ, ಅಂದರೆ ತುಸು ದೊಡ್ಡ ಪಿಟೀಲು, ತೆಳ್ಳಗೆ ಹಾಡಬೇಕು. ಎಲ್ಲ ವಾದ್ಯಗಳೂ ನಿಂತವು. ತಗಡು ನಿಲ್ಲಲಿಲ್ಲ. ಶೈಲಜಾ ಅದನ್ನು ಅಪ್ಪಿಕೊಂಡರು. ಅದು ಅವರನ್ನೇ ಅಲ್ಲಾಡಿಸುತ್ತ ಗುಡುಗುತ್ತಲೇ ಇತ್ತು. ವಯೋಲಾ ಮುಳುಗಿಹೋಯಿತು.

ಎರಡು ಸಲ, ಮೂರು ಸಲ. ಹೆಲೆನ್ ಕೋಲು ಕೆಳಗಿಟ್ಟರು. "ಕ್ಷಮಿಸು ಶೈಲಜಾ. ಲ್ಯಾಪ್‌ಟಾಪು ಹೇಳಿದಲ್ಲಿ ನಿಲ್ಲುತ್ತದೆ."

ಶೈಲಜಾ ಹಿಡಿಯಿಂದ ಕೈ ತೆಗೆದರು. ಅವರ ಮುಖ ನೋಡಲಾಗಲಿಲ್ಲ. "ಇನ್ನೊಂದು ಸಲ!" ಎಂದು ನಾನು ಕೂಗಿದೆ. ಯಾರನ್ನೂ ಕೇಳದೆ ಸ್ಟೇಜು ಹತ್ತಿ ತಗಡಿನ ಹಿಂದೆ ನಿಂತೆ. ಗಾಳಿಯಲ್ಲಿ ಉದ್ದದ ತಗಡು ಹೊರುವವರಿಗೆ ಇದು ಗೊತ್ತು: ಅದು ಬಡಿದಾಡತೊಡಗಿದರೆ ಅಪ್ಪಿ ಹಿಡಿಯಬಾರದು. ನಡುವಿಗೆ ಮೊಣಕಾಲು ಕೊಟ್ಟು ಎರಡೂ ಅಂಚನ್ನು ನಮ್ಮ ಕಡೆಗೆ ಎಳೆದು ದೋಣಿಯಂತೆ ಬಾಗಿಸಬೇಕು. ಬಾಗಿದ ತಗಡಿಗೆ ಒದ್ದಾಡಲು ಆಗುವುದಿಲ್ಲ.

ಹೆಲೆನ್ ನನ್ನನ್ನು ನೋಡಿದರು, ಗಡಿಯಾರ ನೋಡಿದರು, ಕೋಲು ಎತ್ತಿದರು. ಗುಡುಗು ಏರಿತು, ಮುಷ್ಟಿ ಮುಚ್ಚಿತು, ನಾನು ಬಾಗಿಸಿದೆ. ಕತ್ತರಿಸಿದ ಹಾಗೆ ನಿಂತಿತು. ವಯೋಲಾ ಒಂಟಿಯಾಗಿ ಹಾಡಿತು.

"ನಿಮ್ಮ ಹತ್ತಿರ ಕಪ್ಪು ಶರ್ಟು ಇದೆಯೇ?" ಎಂದು ಕೇಳಿದರು ಹೆಲೆನ್. ಆರ್ಕೆಸ್ಟ್ರಾದವರೆಲ್ಲ ಕಪ್ಪು ಹಾಕುತ್ತಾರೆ.

ಶನಿವಾರ ಸಂಜೆ ವನಜಾ ಕಪ್ಪು ಶರ್ಟಿಗೆ ಇಸ್ತ್ರಿ ಹಾಕಿ ಕೊಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕಂಬಳಕ್ಕೆ ಇಳಿಸುವ ಕೋಣದ ಹಾಗೆ ಕಾಣ್ತೀರಿ. ಬಹುಮಾನ ತರದೆ ಬರಬೇಡಿ."

ಮಂದಿರ ತುಂಬಿತ್ತು. ಜನ ನಗಲೆಂದೇ ಬಂದಂತಿತ್ತು. ದಾರದಲ್ಲಿ ತೂಗುವ ಬಾವಲಿ ಕಂಡಾಗ ನಕ್ಕರು, ಬಣ್ಣದ ರಕ್ತಕ್ಕೆ ಶಿಳ್ಳೆ ಹಾಕಿದರು. ಸಂಗೀತ ಮಾತ್ರ ನಗಲಿಲ್ಲ. ಅದು ತನ್ನ ಪಾಡಿಗೆ ಒಂದೊಂದೇ ಮೆಟ್ಟಿಲು ಹತ್ತುತ್ತಿತ್ತು, ನಗು ಒಂದೊಂದೇ ಮೂಲೆಯಲ್ಲಿ ಆರುತ್ತಿತ್ತು. ನಾನು ತಗಡಿನ ಹಿಂದೆ ಕತ್ತಲಲ್ಲಿ ನಿಂತಿದ್ದೆ. ಶೈಲಜಾ ಬೆನ್ನು ನೆಟ್ಟಗೆ ಮಾಡಿ ಹಿಡಿಗೆ ಕೈ ಹಾಕಿದರು.

"ಅಣ್ಣಾರ, ಕಡಲಿನ ಆ ಕಡೆಯಿಂದ," ಎಂದು ಪಿಸುಗುಟ್ಟಿದರು.

ಅವರು ತಂದ ಗುಡುಗು ಆ ಮಂದಿರದ ಕುರ್ಚಿಗಳನ್ನು ಹಿಡಿದು ಅಲುಗಿಸಿತು. ಅದರ ಗಾಳಿ ನನ್ನ ಮುಖಕ್ಕೆ ಬಡಿಯಿತು. ಮುಷ್ಟಿ ಮುಚ್ಚಿತು. ಮೊಣಕಾಲು ಕೊಟ್ಟೆ, ಎಳೆದೆ. ಆ ನಿಶ್ಶಬ್ದದಲ್ಲಿ ಸಾವಿರ ಜನ ಉಸಿರು ಹಿಡಿದದ್ದು ನನಗೆ ಕೇಳಿಸಿತು. ವಯೋಲಾ ಎತ್ತಿತು. ಮುಚ್ಚಳ ತೆರೆಯಿತು. ಬಾಲ್ಕನಿಯಲ್ಲಿ ಯಾರೋ ಕಿಟಾರನೆ ಕಿರುಚಿದರು. ಅದು ವನಜಾ ಅಲ್ಲವೆಂದು ಅವಳು ಇಂದಿಗೂ ವಾದಿಸುತ್ತಾಳೆ.

ಮುಗಿದ ಮೇಲೆ ಹೆಲೆನ್ ಪಿಟೀಲಿನವರನ್ನು ಎಬ್ಬಿಸುವ ಮೊದಲು ಹಿಂದಿನ ಸಾಲಿಗೆ ಕೈ ತೋರಿಸಿದರು. ಶೈಲಜಾ ನನ್ನ ತೋಳು ಹಿಡಿದು ಬೆಳಕಿಗೆ ಎಳೆದರು. ಮಂದಿರ ಎದ್ದು ನಿಂತಿತು. ಡಕ್ಟು ಚೆನ್ನಾಗಿದ್ದರೆ ಅಲ್ಲಿ ಡಕ್ಟು ಇದೆ ಎಂದೇ ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟು ವರ್ಷದ ದುಡಿಮೆಯಲ್ಲಿ ನನ್ನ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ಅವತ್ತು ತಟ್ಟಿದರು. ನಾನು ಸಂಕೋಚಪಡಲಿಲ್ಲ, ನಿಂತು ಪೂರ್ತಿ ತೆಗೆದುಕೊಂಡೆ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಒಳ್ಳೆಯ ಕೆಲಸಕ್ಕೆ ಒಂದೇ ರೂಪ ಎಂದು ನಂಬಿದ್ದೆ: ನೇರ, ನಯ, ನಿಶ್ಶಬ್ದ. ಕೈ ಪಳಗಿದಷ್ಟೂ ಅದು ಕೇಳದೆಯೇ ಓಡುತ್ತದೆ, ಅಲ್ಲೇ ಎಡವುತ್ತದೆ. ಅದಕ್ಕೇ ಈಗ ಯಾರು ಕೆಲಸ ತಂದರೂ, ಅಳತೆ ಟೇಪು ತೆಗೆಯುವ ಮೊದಲು ಒಂದು ಮಾತು ಕೇಳುತ್ತೇನೆ: ಈ ತಗಡು ಸುಮ್ಮನಿರಬೇಕಾ, ಮಾತಾಡಬೇಕಾ? ಕೇಳಿದವರು ನನ್ನ ಮುಖ ನೋಡಿ ನಗುತ್ತಾರೆ. ನಗಲಿ. ಎರಡನ್ನೂ ಮಾಡಿಕೊಡುವವನು ಈ ಬೇ ಏರಿಯಾದಲ್ಲಿ ನಾನೊಬ್ಬನೇ.