ಹೆಬ್ಬೆಟ್ಟು ಒತ್ತದ ಹುಲಿಗೆಮ್ಮ

ಹುಲಿಗೆಮ್ಮನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಕೊಟ್ಟೂರಿನ ಹತ್ತಿ ಬಿಡಿಸುವ ಜಿನ್ನಿಂಗ್ ಗಿರಣಿಯ ಗದ್ದಲದಲ್ಲಿ ವರ್ಷಗಟ್ಟಲೆ ಕೂಗಿ ಕೂಗಿ, ಗುಡಿಯೊಳಗೂ ಆಕೆಯ ದನಿ ಇಳಿಯುತ್ತಿರಲಿಲ್ಲ. ಎತ್ತರದ ಒಣಕಲು ಹೆಂಗಸು. ಹುಬ್ಬಿನ ಮೇಲೆ ಸದಾ ಹತ್ತಿಯ ದೂಳು.

ಎಪ್ಪತ್ತರ ದಶಕದ ಕೊನೆಗೆ ನಾನು ಅಲ್ಲಿ ಗುಮಾಸ್ತನಾಗಿ ಸೇರಿದಾಗ ಮೇಸ್ತ್ರಿ ಎನಿಸಿಕೊಂಡಿದ್ದವನು ಬಸಣ್ಣ. ಆದರೆ ಯಂತ್ರಗಳಿಗೆ ಹತ್ತಿ ಉಣಿಸುವ ಮೂವತ್ತು ಹೆಂಗಸರನ್ನು ನಡೆಸುತ್ತಿದ್ದವಳು ಹುಲಿಗೆಮ್ಮ. ಯಾವ ಯಂತ್ರ ಕೆಡಲಿದೆ ಎಂಬುದನ್ನು ಸದ್ದಿನಲ್ಲೇ ಹಿಡಿಯುವಳು. ಬಸಣ್ಣ ಅವಳನ್ನು ಕೇಳಿಯೇ ಇಂಜಿನ್ ಚಾಲೂ ಮಾಡುತ್ತಿದ್ದ. “ಕಲಿಸಾಕಿ ನಾನು, ಮೇಸ್ತ್ರಿ ಅವ” ಎಂದು ನಗುತ್ತಿದ್ದಳು. ಆ ನಗುವಿನಲ್ಲಿ ಖುಷಿ ಇರಲಿಲ್ಲ.

ಇಂಜಿನ್ನಿನಿಂದ ಯಂತ್ರಗಳಿಗೆ ಸುತ್ತುವ ಬೆಲ್ಟಿನ ಪಟ್ಟಾಕ್ಕೆ ಮರೆಯೇ ಇರಲಿಲ್ಲ. ತಂತಿಯ ಜಾಳಿಗೆ ಹಾಕಿಸಿರೆಂದು ಆಕೆ ಗಿರಣಿಯ ಮಾಲೀಕರಾದ ಸಾವ್ಕಾರರಿಗೆ ಮೂರು ಸಲ ಹೇಳಿದ್ದಳು. ಸುಗ್ಗಿ ಮುಗಿಯಲಿ ಎಂದಿದ್ದರು ಅವರು. ಒಂದು ಬೆಳಿಗ್ಗೆ ಗಂಗಮ್ಮ ಎಂಬ ಹುಡುಗಿಯ ಸೆರಗು ಅದಕ್ಕೆ ಸಿಕ್ಕಿತು. ಇಂಜಿನ್ ನಿಲ್ಲುವಷ್ಟರಲ್ಲಿ ಬಲಗೈ ಮೊಣಕೈವರೆಗೆ ನುಗ್ಗಾಗಿತ್ತು.

ಅವಳನ್ನು ಲಾರಿಯಲ್ಲಿ ಬಳ್ಳಾರಿ ಆಸ್ಪತ್ರೆಗೆ ಕಳಿಸಿದ ಮಧ್ಯಾಹ್ನವೇ ಸಾವ್ಕಾರರು ನನ್ನಿಂದ ಒಂದು ಹೇಳಿಕೆ ಬರೆಸಿದರು. ಯಂತ್ರ ಸರಿಯಿತ್ತು, ತಪ್ಪೆಲ್ಲ ಗಂಗಮ್ಮನ ಅಜಾಗ್ರತೆಯದು ಎಂದು. ಸಾಕ್ಷಿಗೆ ಹುಲಿಗೆಮ್ಮನ ಹೆಬ್ಬೆಟ್ಟು ಬೇಕಿತ್ತು. ಆಕೆ ಒತ್ತಿದರೆ ಉಳಿದವರು ಬಾಯಿ ತೆರೆಯುವುದಿಲ್ಲ. ಒತ್ತಿದರೆ ಸೋಮವಾರದಿಂದ ಆಕೆಯೇ ಮೇಸ್ತ್ರಿ ಎಂದೂ ಸಾವ್ಕಾರರು ಹೇಳಿದರು.

ಹುಲಿಗೆಮ್ಮ ಕಾಗದವನ್ನು ಓದಿ ಹೇಳು ಎಂದಳು. ನಾನು ಓದಿದೆ. ಅಜಾಗ್ರತೆಯ ಸಾಲುಗಳನ್ನು ಮಾತ್ರ ಹಾರಿಸಿದೆ. ಓದು ಬಾರದ ಆಕೆ ಕಾಗದದ ಮೇಲೆ ಬೆರಳಿಟ್ಟು ಸಾಲು ಎಣಿಸಿದಳು.

“ಏಳು ಸಾಲು ಅದಾವ ತಮ್ಮಾ. ನೀ ಓದಿದ್ದು ಕಡಿಮಿ ಆತಲ್ಲ?”

ಈ ಸಲ ನಾನು ಮೊದಲಿನಿಂದ ಪೂರ್ತಿ ಓದಿದೆ. ಆಕೆ ಸಾವ್ಕಾರರ ಕಡೆ ತಿರುಗಿದಳು. ಮಸಿಯ ಡಬ್ಬಿ ಎದುರಿಗೇ ತೆರೆದಿತ್ತು.

“ಮೇಸ್ತ್ರಿ ಆಗಬೇಕಂತ ನನಗೂ ಆಸಿ ಐತ್ರಿ ಸಾವ್ಕಾರ್ರ. ಆದ್ರ ಆ ಹುಡುಗಿ ಕೈ ತುಳದು ಆಗಾಕ ಒಲ್ಲೆ. ನಾ ಮೂರು ಸಲ ಹೇಳಿದ್ದನ್ನೂ ಬರಸ್ರಿ, ಒತ್ತತೀನಿ.”

ಹೊರಗೆ ಹೋಗಿ ಗೇಟಿನ ಮುಂದೆ ಕೂತುಬಿಟ್ಟಳು. ಒಬ್ಬೊಬ್ಬರಾಗಿ ಉಳಿದ ಹೆಂಗಸರೆಲ್ಲ ಬಂದು ಕೂತರು. ಚಿಗಟೇರಿ, ಕೋಗಳಿ ಕಡೆಯ ಹತ್ತಿ ಗಾಡಿಗಳು ರಸ್ತೆಯುದ್ದಕ್ಕೂ ನಿಂತವು. ಬಸಣ್ಣ ಬೇರೆ ಹಳ್ಳಿಯಿಂದ ಹೆಂಗಸರನ್ನು ಕರೆತಂದ. ಅವರು ಗಂಗಮ್ಮನ ಸುದ್ದಿ ಕೇಳಿ ಅಲ್ಲೇ ಕೂತರು. ಪೊಲೀಸರನ್ನು ಕರೆಸುತ್ತಾರೆಂಬ ಮಾತು ಹಬ್ಬಿತು. ಯಾರೂ ಏಳಲಿಲ್ಲ.

ನಾಲ್ಕನೆಯ ದಿನ ಸಾವ್ಕಾರರು, ಹುಲಿಗೆಮ್ಮ ಮೂರು ಸಲ ಹೇಳಿದ್ದನ್ನೂ ಸೇರಿಸಿ, ಬೇರೆ ಹೇಳಿಕೆ ಬರೆಸಿದರು. ನಾನು ಬರೆದೆ. ಅದು ನನ್ನ ಧೈರ್ಯವೇನಲ್ಲ, ಅವರು ಹೇಳಿದ್ದನ್ನು ಬರೆದೆ ಅಷ್ಟೆ. ಪಟ್ಟಾಕ್ಕೆ ಜಾಳಿಗೆ ಬಂತು. ಗಂಗಮ್ಮ ವಾಪಸಾದ ಮೇಲೆ ಅವಳಿಗೆ ಎಡಗೈಯಲ್ಲಿ ಮಾಡಬಹುದಾದ ಕೆಲಸ ಸಿಕ್ಕಿತು. ಹುಲಿಗೆಮ್ಮನಿಗೆ ಮೇಸ್ತ್ರಿಕೆ ಮಾತ್ರ ಸಿಗಲಿಲ್ಲ. ಎರಡು ವರ್ಷದ ನಂತರ ಬಸಣ್ಣ ಬಿಟ್ಟುಹೋದಾಗ ಬೇರೆ ದಾರಿಯಿಲ್ಲದೆ ಸಾವ್ಕಾರರೇ ಕರೆದು ಕೊಟ್ಟರು. ಹೆಂಗಸಿನ ಮಾತು ಕೇಳುವುದೇ ಎಂದು ಹಮಾಲರು ಒಂದು ವಾರ ಹತ್ತಿ ಚೀಲ ಮುಟ್ಟಲಿಲ್ಲ. ಆಕೆ ಸೆರಗು ಬಿಗಿದು, ಹೆಂಗಸರ ಜೊತೆ ತಾನೇ ಹೊತ್ತು ಹಾಕಿದಳು. ಎಂಟನೆಯ ದಿನ ಅವರಾಗಿಯೇ ಬಂದರು.

ಮುಂದೆ ನನಗೆ ಹಡಗಲಿಯಲ್ಲಿ ಕೆಲಸ ಸಿಕ್ಕಿತು. ಆಕೆಯನ್ನು ಕೊನೆಯ ಸಲ ಕಂಡದ್ದು ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ. ಬೆನ್ನು ಬಾಗಿತ್ತು. ಅಂದು ಸಾಲು ಹಾರಿಸಿದ್ದು ಅಂಜಿಕೆಯಿಂದ ಎಂದು ಅಷ್ಟು ವರ್ಷಗಳ ಮೇಲೆ ಒಪ್ಪಿಕೊಂಡೆ.

“ನನಗೇನು ಅಂಜಿಕಿ ಇರಲಿಲ್ಲನು?” ಎಂದಳು. ಸುತ್ತಲಿನ ಜನ ತಿರುಗಿ ನೋಡಿದರು. “ಗೇಟಿನ ತನಕ ಹೋಗೂದ್ರಾಗ ಕಾಲು ನಡುಗಾಕ ಹತ್ತಿದ್ವು. ನಿಂದ್ರಾಕ ಆಗಲಿಲ್ಲ ತಮ್ಮಾ. ಅದಕ್ಕ ಕುಂತೆ.”