ಮುತ್ತವ್ವನ ಮೂರು ಕಿಲೋ, ವಿಜಯನ ಒಂದು ಕಾಲಂ

ವಿಜಯಮಹಾಂತೇಶ ಹುಟ್ಟಿದ್ದು ಮೋಟೆಬೆನ್ನೂರಿನಲ್ಲಿ, ಮನೆ ಮಾಡಿದ್ದು ರಾಣೆಬೆನ್ನೂರಿನಲ್ಲಿ. ಬೆನ್ನೂರುಗಳು ಅವನ ಬೆನ್ನು ಬಿಡಲಿಲ್ಲ. ಹೊಟ್ಟೆಪಾಡಿಗೆ ಮಾತ್ರ ಬ್ಯಾಡಗಿ.

ಹತ್ತೊಂಬತ್ತು ವರ್ಷ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕಾರಕೂನನಾಗಿದ್ದ. ನೂರು ಬೀಜದಲ್ಲಿ ಎಷ್ಟು ಮೊಳೆತವು ಎಂದು ಗೆರೆ ಹೊಡೆದ ಹಾಳೆಯಲ್ಲಿ ಬರೆಯುವುದೇ ಕೆಲಸ. ಕೋಷ್ಟಕ ಕಂಡರೆ ಉಳಿದವರಿಗೆ ಕಷ್ಟ, ಇವನಿಗೆ ಇಷ್ಟ. ಕಂಪನಿ ಮುಚ್ಚಿದ ಮೇಲೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯನ್ನು ಆನ್‌ಲೈನಿನಲ್ಲಿ ಮಾರುವ ಶೈಲಾ ಅವನನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದಳು. ಅಲ್ಲಿದ್ದ ದಾಸ್ತಾನಿನ ಟೇಬಲ್ಲಿಗೆ ಹದಿನಾಲ್ಕು ಕಾಲಂ. ನಲವತ್ತಾರರ ವಿಜಯನಿಗೆ ತನ್ನ ಕಾಲ ಬಂತೆನಿಸಿತು.

ಒಂದೇ ಟೇಬಲ್ಲನ್ನು ಒಬ್ಬೊಬ್ಬರಿಗೆ ಒಂದೊಂದು ಥರ ತೋರಿಸಬಹುದೆಂದು ಅವನು ಕಂಡುಕೊಂಡ. ಶೈಲಾಳಿಗೆ ದರ ಕಾಣಬೇಕು, ಪ್ಯಾಕಿಂಗ್ ಮಾಡುವ ಜರೀನಾಗೆ ಮಾಲಿನ ಹೆಸರು, ರ‍್ಯಾಕಿನ ನಂಬರು, ತೂಕ ಕಂಡರೆ ಸಾಕು. ಪ್ರತಿ ಕಾಲಮಿನ ತಲೆಯ ಮೇಲೊಂದು ಕಣ್ಣಿನ ಗುರುತಿತ್ತು. ಒತ್ತಿದರೆ ಕಾಲಂ ಮಾಯ, ಮತ್ತೆ ಒತ್ತಿದರೆ ಹಾಜರು. ಬೇಡದ್ದರ ಮೇಲೆ ಕಣ್ಣು ಮುಚ್ಚುವ ಈ ಸುಖ ಅವನಿಗೆ ಹಿಡಿಸಿತು.

ಜರೀನಾ ಒಂಬತ್ತು ವರ್ಷದಿಂದ ಆ ಅಂಗಡಿಯಲ್ಲಿದ್ದವಳು. ಮೊದಲು ಅಂಗಳದಲ್ಲಿ ಕೂತು ತೊಟ್ಟು ಬಿಡಿಸುತ್ತಿದ್ದಳು, ಆಮೇಲೆ ಒಳಗೆ ಪ್ಯಾಕಿಂಗಿಗೆ ಬಂದಳು. ಮಾರಬಾರದ ಚೀಲದ ಬಾಯಿಗೆ ಹಸಿರು ಅರಿವೆಯ ಚೂರೊಂದನ್ನು ಗಂಟು ಹಾಕುವುದು ಅವಳ ಪದ್ಧತಿ. ಹಸಿರು ಕಂಡರೆ ಹಮಾಲರೂ ಮುಟ್ಟುತ್ತಿರಲಿಲ್ಲ. ಆ ಅರಿವೆಯಲ್ಲಿದ್ದ ಅರಿವು ವಿಜಯನ ತಲೆಗೆ ಹೋಗಲಿಲ್ಲ. ಜರೀನಾ ರಂಜಾನಿಗೆಂದು ತವರಿಗೆ ಹೋಗಿದ್ದ ವಾರ ಅವನು ಚೀಲಗಳನ್ನೆಲ್ಲ ಒಂದೇ ಥರದ ಪ್ಲಾಸ್ಟಿಕ್ ಕ್ರೇಟಿಗೆ ಸುರುವಿ, ನಂಬರಿನ ಚೀಟಿ ಅಂಟಿಸಿ, ಗಂಟುಗಳನ್ನು ಬಿಚ್ಚಿ ಒಲೆಗೆ ಹಾಕಿದ.

ತಿರುಗಿ ಬಂದ ಜರೀನಾ ಸಾಲಿನುದ್ದಕ್ಕೂ ನೋಡಿದಳು. "ಮುತ್ತವ್ವಾರ ಬೀಜದ ಕಾಯಿ ಚೀಲ ಎಲ್ಲಿ ಐತ್ರಿ, ಅಣ್ಣಾರ?"

"ಟೇಬಲ್‌ನಾಗ ಐತಿ."

"ಟೇಬಲ್ ಮ್ಯಾಲ ಏನೂ ಕಾಣವಲ್ದಲ್ರಿ."

"ಆ ಟೇಬಲ್ ಅಲ್ಲವಾ, ಈ ಟೇಬಲ್. ಮಾರಬಾರದ್ದು ಇದ್ರ ಷರಾ ಅಂತ ಕಾಲಮಿನಾಗ ಬರದಿರ್ತೈತಿ. ಓದೂದು, ಬಿಡೂದು. ಇನ್ನ ಗಂಟು ಗಿಂಟು ಏನೂ ಬ್ಯಾಡ."

ಅವಳು ನಂಬಿದಳು. ಎರಡು ದಿನದ ಮೇಲೆ, ಜರೀನಾಳ ಸಣ್ಣ ಟ್ಯಾಬಿನಲ್ಲಿ ಸಾಲುಗಳು ಉದ್ದವಾಗಿ ಆಚೆ ಚಾಚುತ್ತವೆಂದು ವಿಜಯ ಷರಾ ಕಾಲಮಿನ ಕಣ್ಣು ಮುಚ್ಚಿದ. ಅವಳಿಗೆ ಹೇಳಲು ಮರೆತ.

ಮುತ್ತವ್ವ ಮೋಟೆಬೆನ್ನೂರಿನವಳು. ವಿಜಯ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗಿನಿಂದ ಅವನನ್ನು ಬಲ್ಲವಳು. ಪ್ರತಿ ವರ್ಷ ಹೊಲದಲ್ಲಿ ಒಳ್ಳೆಯ ಗಿಡಗಳನ್ನು ಗುರುತು ಮಾಡಿ, ಅವುಗಳ ಡಬ್ಬಿ ತಳಿಯ ಕಾಯಿಯನ್ನು ಬೇರೆಯಾಗಿ ಒಣಗಿಸಿ, ಬೀಜಕ್ಕೆಂದು ಮೂರು ಕಿಲೋ ಎತ್ತಿಡುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಇದೇ ಆಯ್ಕೆ. ಮನೆಯಲ್ಲಿ ಇಲಿ ಕಾಟ, ಅದಕ್ಕೆ ಶೈಲಾಳ ಗೋದಾಮಿನಲ್ಲಿ ಇಡುತ್ತಿದ್ದಳು.

ರೋಹಿಣಿ ಮಳೆ ಇನ್ನೇನು ಬರಬೇಕು, ಮುತ್ತವ್ವ ಕೈಚೀಲ ಹಿಡಿದು ಬಂದಳು. "ಕೊಡವಾ ಜರೀನಾ, ನನ್ನ ಮಕ್ಕಳನ್ನ."

ವಿಜಯ ಹೇಳಿದ ನಂಬರಿನ ಕ್ರೇಟನ್ನು ಜರೀನಾ ಎಳೆದಳು. ಖಾಲಿ. ವಿಜಯ ಕಂಪ್ಯೂಟರಿನಲ್ಲಿ ಹುಡುಕಿದ. ಏಪ್ರಿಲ್‌ನಲ್ಲೇ ಹಾವೇರಿಯ ನಿರ್ಮಲಾ ಎಂಬವರಿಗೆ ಮೂರು ಕಿಲೋ ಡಬ್ಬಿ ಹೋಗಿತ್ತು. ಅವನ ಕಿವಿ ಬಿಸಿಯಾಯಿತು. ನೂರು ಬೀಜಕ್ಕೆ ಲೆಕ್ಕ ಇಟ್ಟ ಮನುಷ್ಯ ಇಪ್ಪತ್ತೆರಡು ವರ್ಷದ ಬೀಜವನ್ನು ಸಾರಿನ ಪಾತ್ರೆಗೆ ಕಳಿಸಿದ್ದ.

"ಯಾರು ಕಳಿಸಿದ್ರು?" ಎಂದು ಶೈಲಾ ಒಳಗಿನಿಂದ ಎದ್ದು ಬರುತ್ತಿದ್ದಳು. ಅವಳು ಬಂದು ಮುಟ್ಟಲು ನಾಲ್ಕು ಹೆಜ್ಜೆ ಬೇಕಿತ್ತು. ವಿಜಯನಿಗೆ ಒಂದು ಬೆರಳು ಸಾಕಾಯಿತು. ಟೇಬಲ್ಲಿನಲ್ಲಿ ಜರೀನಾಗೆ ಕಾಣುವ ನೋಟವನ್ನು ತೆರೆದು, ಮುಚ್ಚಿದ ಕಣ್ಣನ್ನು ಒತ್ತಿದ. ಷರಾ ಕಾಲಂ ಯಾವಾಗಲೂ ಅಲ್ಲೇ ಇದ್ದಂತೆ ಬಂದು ನಿಂತಿತು.

"ಮುತ್ತವ್ವನ ಬೀಜದ ಕಾಯಿ, ಮಾರಬಾರದು" ಎಂದು ಶೈಲಾ ಓದಿದಳು. "ಇಷ್ಟ ದಪ್ಪ ಅಕ್ಷರದಾಗ ಬರದೈತಿ. ಕಣ್ಣ ಎಲ್ಲಿ ಇಟ್ಟಿದ್ದಿ, ಜರೀನಾ?"

"ಖರೇನ ನನಗ ಕಂಡಿಲ್ರಿ, ಶೈಲಕ್ಕಾರ."

"ಮತ್ತ ಇದೇನು?"

ಜರೀನಾ ಪರದೆಯನ್ನು ನೋಡಿದಳು, ವಿಜಯನನ್ನು ನೋಡಿದಳು. ಅವನು ಕೀಲಿಮಣೆಯ ಧೂಳು ಊದುತ್ತಿದ್ದ.

"ಇದ್ದಿರಬೇಕ್ರಿ," ಎಂದಳು ಮೆಲ್ಲಗೆ. "ನಾನ ನೋಡಿಲ್ಲ."

ಮರುದಿನದಿಂದ ಅವಳು ಅಂಗಳದಲ್ಲಿ ತೊಟ್ಟು ಬಿಡಿಸುವವರ ನಡುವೆ ಕೂತಳು. ಯಾರೂ ಕಳಿಸಿರಲಿಲ್ಲ. "ಇಲ್ಲಿ ಓದೂದು ಇಲ್ಲಲ್ರಿ" ಎಂದಳಂತೆ.

ವಿಜಯನಿಗೆ ಊಟ ಸೇರಲಿಲ್ಲ. ಯಾವ ಪಲ್ಲೆಯಲ್ಲಿ ನೋಡಿದರೂ ಮುತ್ತವ್ವನ ಮಕ್ಕಳು ಕೆಂಪಗೆ ಕೂತಿರುತ್ತಿದ್ದವು. ನಾಳೆ ಹೇಳಿದರಾಯಿತು ಎಂದು ಎರಡು ನಾಳೆ ಕಳೆದ. ಹೇಳುವುದಕ್ಕಿಂತ ಓಡಾಡುವುದು ಸುಲಭವೆನಿಸಿ, ಮೂರನೆಯ ದಿನ ಬೆಳಿಗ್ಗೆ ಹಾವೇರಿಯ ಬಸ್ಸು ಹತ್ತಿದ.

ನಿರ್ಮಲಾ ಬಾಗಿಲಲ್ಲೇ ಗಾಬರಿಯಾದರು. "ಕಾಯಿ ಭಾಳ ಛಲೋ ಇದ್ದವ್ರಿ. ಎರಡ ಕಿಲೋ ಖಾರಪುಡಿ ಮಾಡಿಸಿಬಿಟ್ಟೆ. ಒಂದ ಪಾಕೀಟ ಹಂಗ ಐತಿ. ಯಾಕ್ರಿ, ಏನರ ಔಷಧ ಹೊಡದಿದ್ರೇನು?"

"ಇಲ್ರಿ ಅಕ್ಕಾರ. ಅವು ಬೀಜದ್ದು."

"ಅಯ್ಯ, ಪಾಪ! ಒಯ್ರಿ, ಒಯ್ರಿ."

ಬೇರೆ ಒಂದು ಕಿಲೋ ಕಾಯಿ ಕೊಟ್ಟು ಆ ಪಾಕೀಟನ್ನು ಎದೆಗವುಚಿಕೊಂಡು ಅವನು ಮಧ್ಯಾಹ್ನದ ಹೊತ್ತಿಗೆ ಬ್ಯಾಡಗಿ ಮುಟ್ಟಿದ. ಫೋನು ಮಾಡಿದ್ದರಿಂದ ಮುತ್ತವ್ವ ಬಂದು ಕೂತಿದ್ದಳು. ಪಾಕೀಟು ಒಡೆದು, ಒಂದು ಕಾಯಿ ಮುರಿದು, ಬೀಜವನ್ನು ಅಂಗೈಗೆ ಉದುರಿಸಿ ನೋಡಿದಳು.

"ನನ್ನವ. ಒಂದೆಕರೆಗೆ ಆಗ್ತಾವು. ಉಳದ ಹೊಲಕ್ಕ ಪ್ಯಾಟಿ ಬೀಜ ತಂದ್ರಾತು. ಭಾಳ ತ್ರಾಸ ತಗೊಂಡಿ, ವಿಜಯಾ. ನಿಮ್ಮವ್ವನ ಹೊಟ್ಟಿ ತಣ್ಣಗಿರಲಿ."

ಅಂಗಳದಿಂದ ಜರೀನಾ ಎದ್ದು ಬಂದಳು. "ನನ್ನ ತಪ್ಪಿಗೆ ನೀವು ಹಾವೇರಿ ತನಕಾ ಹೋದ್ರಿ. ಅಲ್ಲಾ ನಿಮಗ ಒಳ್ಳೇದು ಮಾಡ್ಲಿ, ಅಣ್ಣಾರ. ನಿನ್ನೆ ನಾನೂ ದವಾಖಾನಿಗೆ ಹೋಗಿ ಕಣ್ಣು ತೋರಿಸ್ಕೊಂಡು ಬಂದೇನಿ." ಸೆರಗಿನ ಗಂಟು ಬಿಚ್ಚಿ ಮಡಚಿದ ಚೀಟಿ ತೆಗೆದಳು. "ಡಾಕ್ಟರ್ ಏನೂ ದೋಷ ಇಲ್ಲ ಅಂದ್ರು. ಹಂಗಾರ ಮತ್ತ ಯಾಕ ಕಾಣಲಿಲ್ಲೋ ಏನೋ."

ಬೈದಿದ್ದರೆ ವಿಜಯ ತಡೆದುಕೊಳ್ಳುತ್ತಿದ್ದ. ಚೀಟಿಯನ್ನು ಮಡಚಿ ಅವಳಿಗೇ ಕೊಟ್ಟ. ಈ ಕತೆ ಹೇಳುತ್ತಿರುವ ನಾನು ಸಿಸ್ಟರುಗಳ ಶಾಲೆಯಲ್ಲಿ ಓದಿ, ಚರ್ಚಿನ ತಪ್ಪೊಪ್ಪಿಗೆ ಪರದೆಯ ಹಿಂದೆ ನಡೆಯುತ್ತದೆಂದು ತಿಳಿದವನು. ವಿಜಯನದು ಪರದೆಯ ಮೇಲೆಯೇ ನಡೆಯಿತು. ಮೂವರನ್ನೂ ಕರೆದು ಜರೀನಾಳ ಟ್ಯಾಬನ್ನು ಮುಂದಿಟ್ಟು ಕಣ್ಣಿನ ಗುರುತು ಒತ್ತಿದ. ಷರಾ ಹೋಯಿತು. ಮತ್ತೆ ಒತ್ತಿದ, ಬಂತು.

"ಜರೀನಾ ನೋಡಿದಾಗ ಇದು ಮುಚ್ಚಿತ್ತು. ಮುಚ್ಚಿದಾಂವ ನಾನು. ಅವತ್ತ ಶೈಲಕ್ಕಾರು ಬರೂದ್ರಾಗ ತಗದಾಂವನೂ ನಾನ."

ಶೈಲಾ ಟ್ಯಾಬನ್ನು ತನ್ನ ಕಡೆ ಎಳೆದುಕೊಂಡಳು. "ಅವತ್ತ ಬಾಯಾಗ ಏನ ಇಟ್ಕೊಂಡಿದ್ರಿ?"

ಮುತ್ತವ್ವ ಬೀಜವನ್ನು ಎಣಿಸುವವಳಂತೆ ಅಂಗೈ ನೋಡುತ್ತ, "ಅಯ್ಯ ವಿಜಯಾ" ಎಂದಷ್ಟೇ ಹೇಳಿ ಪಾಕೀಟನ್ನು ಕೈಚೀಲಕ್ಕೆ ಹಾಕಿದಳು. "ಇನ್ನ ಮ್ಯಾಲ ಮನ್ಯಾಗ ಇಟ್ಕೋತೇನಿ. ಇಲಿ ತಿಂದ್ರ ಸುಳ್ಳರ ಹೇಳೂದಿಲ್ಲ." ಮೋಟೆಬೆನ್ನೂರಿನ ಆಟೋ ಹುಡುಕುತ್ತ ಹೊರಟಳು. ಹೊರಟವಳು ಅವನ ಕಡೆ ತಿರುಗಲಿಲ್ಲ.

ಜರೀನಾ ಮಾತ್ರ ನಿಂತೇ ಇದ್ದಳು. "ಮೂರು ದಿನ, ಅಣ್ಣಾರ. ಸೂಜಿಗೆ ದಾರ ಏರಿಸಿ ಏರಿಸಿ ನೋಡೀನಿ, ಕಾಣ್ತೈತೋ ಇಲ್ಲೋ ಅಂತ."

"ತಪ್ಪಾತು, ಜರೀನಾ."

"ತಪ್ಪಾತು ಅನ್ನೂದು ಇಲ್ಲಿ ಹೇಳಿದ್ರ ಗಾಳಿಗೆ ಹೋಗ್ತೈತ್ರಿ. ಓದೂದು ಬಿಡೂದು ಅಂದಿದ್ರಲ್ಲ? ಬರೀರಿ ಅಲ್ಲಿ."

ಈಗ ಆ ಅಂಗಡಿಯ ಟೇಬಲ್ಲನ್ನು ಯಾರ ನೋಟದಲ್ಲಿ ತೆರೆದರೂ ಷರಾ ಮೊದಲ ಕಾಲಂ. ಕ್ರೇಟುಗಳ ಬಾಯಿಗೆ ಮತ್ತೆ ಹಸಿರು ಗಂಟುಗಳು ಬಂದಿವೆ, ಕಟ್ಟುವವಳು ಪ್ಯಾಕಿಂಗಿಗೆ ಮರಳಿದ ಜರೀನಾಳೇ. ಅವಳು ಅವನೊಡನೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲು ಶ್ರಾವಣ ಬರಬೇಕಾಯಿತು. ಮುತ್ತವ್ವನ ಸಾಲಿನಲ್ಲಿ ದಾಸ್ತಾನು ಸೊನ್ನೆ, ಆದರೂ ವಿಜಯ ಅದನ್ನು ಅಳಿಸಿಲ್ಲ. ಅದರ ಷರಾ ಹೀಗಿದೆ: "ಜರೀನಾಳ ಕಣ್ಣುಗಳು ಸರಿ ಇವೆ. ಕಾಲಂ ಮುಚ್ಚಿದ್ದು ನಾನು. ವಿಜಯಮಹಾಂತೇಶ."