ಕರಿಯನ ಡಾಕ್ಟರಮ್ಮ

ಡಾಕ್ಟರಮ್ಮನ ಬಲಗೈಯ ತೋರುಬೆರಳಿಗೆ ಉಗುರಿರಲಿಲ್ಲ. ಓದುವ ಕಾಲದಲ್ಲಿ ಮೂರ್ಛೆ ಬಿದ್ದ ನಾಯಿಯ ಬಾಯಿಗೆ ಕೈಹಾಕಿ ಕಚ್ಚಿಸಿಕೊಂಡದ್ದಂತೆ. ಆ ಬೆರಳನ್ನೇ ಎತ್ತಿ ತೋರಿಸಿ, "ನಾನು ಹಾಕಿ ಕಲ್ತೆ ಮಾ, ನೀವು ಹಾಕ್ದೇ ಕಲೀರಿ" ಎನ್ನುತ್ತಿದ್ದರು.

ಚಿನ್ನದ ಗಣಿಯ ಕೋರಮಂಡಲ್ ಬಡಾವಣೆಯಲ್ಲಿ, ಗಣಿ ಕಾರ್ಮಿಕರ ಮನೆಯಲ್ಲಿ ಹುಟ್ಟಿದವರು. ನಾಯಿಗಳ ಮೂರ್ಛೆರೋಗದ ಮೇಲೆಯೇ ಸಂಶೋಧನೆ ಮಾಡಿ, ರಾಬರ್ಟ್‌ಸನ್‌ಪೇಟೆಯಲ್ಲಿ ಟೈಲರ್ ಅಂಗಡಿಯ ಮಗ್ಗುಲಿಗೆ ಕ್ಲಿನಿಕ್ ಇಟ್ಟಿದ್ದರು. ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ತೆಲುಗು, ನಾಯಿಗಳ ಜೊತೆ ಮಾತ್ರ ತಮಿಳು.

ನಮ್ಮೂರು ಬಂಗಾರಪೇಟೆಯ ಪಕ್ಕ. ಕರಿಯ ನನ್ನ ನಾದಿನಿ, ಗಂಡನ ತಂಗಿ, ಸಾಕಿದ ನಾಯಿ. ಒಂದು ಬೆಳಗ್ಗೆ ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಅದು ಅಂಗಳದಲ್ಲಿ ಬಿದ್ದು, ಕಾಲು ಬಡಿಯುತ್ತ ನೊರೆ ಕಾರುತ್ತಿತ್ತು. ಬೀದಿಯವರು ದೊಣ್ಣೆ ಹಿಡಿದು ಬಂದರು.

"ಉಚ್ಚು ಇಡ್ದೈತೆ, ಒಡ್ದಾಕ್ರಲಾ!"

ನಾದಿನಿ ಅಡ್ಡ ನಿಂತಳು. ಯಾಕೆಂದು ಮನೆಯವರಾದ ನಮಗೆ ಮಾತ್ರ ಗೊತ್ತು. ಚಿಕ್ಕ ವಯಸ್ಸಿನಿಂದ ಅವಳಿಗೂ ಹಾಗೇ ಆಗುತ್ತಿತ್ತು. ತಿಳಿದರೆ ಮದುವೆಯಾಗದೆಂದು ಅತ್ತೆ ಅದನ್ನು ಮುಚ್ಚಿಟ್ಟಿದ್ದರು. ಒಲೆಯ ಹತ್ತಿರ, ಬಾವಿಯ ಹತ್ತಿರ ಅವಳನ್ನು ಬಿಡುತ್ತಿರಲಿಲ್ಲ. ಮೂರ್ಛೆ ಬಂದಾಗ ಬಾಗಿಲು ಹಾಕಿ ಕೈಗೆ ಕಬ್ಬಿಣ ಹಿಡಿಸುತ್ತಿದ್ದರು.

ಜನರನ್ನು ಹೇಗೋ ತಡೆದು, ಆಟೋದಲ್ಲಿ ನಾನು, ನಾದಿನಿ, ಅತ್ತೆ ಮೂವರೂ ಕರಿಯನನ್ನು ಕರೆದೊಯ್ದೆವು. ಕ್ಲಿನಿಕ್ಕಿನಲ್ಲೇ ಅದಕ್ಕೆ ಮತ್ತೆ ಮೂರ್ಛೆ ಬಂತು. ಅತ್ತೆ ಸೊಂಟದ ಬೀಗದ ಕೈ ಗೊಂಚಲು ತೆಗೆದು ಅದರ ಪಂಜಕ್ಕೆ ಒತ್ತಿದರು. ಡಾಕ್ಟರಮ್ಮ ನಗಲಿಲ್ಲ. ಸ್ಟೂಲನ್ನು ಅತ್ತ ಸರಿಸಿ, ಫೋನಿನಲ್ಲಿ ವಿಡಿಯೋ ತೆಗೆಯತೊಡಗಿದರು.

"ಕಬ್ಬಿಣ ಬೇಡಮ್ಮ. ಎಷ್ಟೊತ್ತು ಒದ್ದಾಡ್ತದೆ, ಹೆಂಗೆ ಒದ್ದಾಡ್ತದೆ, ಅದು ನೋಡ್ಬೇಕು."

ಒದ್ದಾಟ ನಿಂತಿತು. ಕಣ್ಣು ಕಾಣದಂತೆ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದ ಕರಿಯನನ್ನು ತಮಿಳಿನಲ್ಲಿ ಸಮಾಧಾನ ಮಾಡಿದರು. ಹುಚ್ಚಿನ ಚುಚ್ಚುಮದ್ದು ಹಾಕಿಸಿದ್ದೇವೆಯೇ ಎಂದು ವಿಚಾರಿಸಿ, ಮೈಯೆಲ್ಲ ಪರೀಕ್ಷಿಸಿ ಹೇಳಿದರು: "ಹುಚ್ಚಲ್ಲ ಇದು. ಮಿದುಳಲ್ಲಿ ಕರೆಂಟ್ ಹೆಚ್ಚುಕಮ್ಮಿ ಆಗೋ ಕಾಯಿಲೆ. ಯಾರ ತಪ್ಪೂ ಅಲ್ಲ. ದಿನಾ ಎರಡು ಹೊತ್ತು ಮಾತ್ರೆ ಕೊಡಿ. ವಾಸಿ ಆಯ್ತು ಅಂತ ನೀವೇ ನಿಲ್ಲಿಸಿದ್ರೆ ನಾನು ಸುಮ್ನಿರಲ್ಲ."

ನಾದಿನಿ ಮೆಲ್ಲಗೆ ಕೇಳಿದಳು. "ನಂಗೂ ಇಂಗೇ ಆಯ್ತದೆ ಡಾಕ್ಟ್ರಮ್ಮ. ಆ ಮಾತ್ರೆ ನಂಗೂ ಆಯ್ತದಾ?"

"ಬಾಯ್ಮುಚ್ಚೇ!" ಎಂದರು ಅತ್ತೆ.

ಡಾಕ್ಟರಮ್ಮ ನೆಲದ ಮೇಲೆ ಅವಳ ಪಕ್ಕ ಕೂತರು. "ನಾನು ನಾಯಿ ಡಾಕ್ಟ್ರಮ್ಮ. ಇದರ ಮಾತ್ರೆ ನೀನು ನುಂಗಬಾರದು. ಆದ್ರೆ ನಿಂಗೂ ಡಾಕ್ಟ್ರಿದ್ದಾರೆ. ನಾನೇ ಜೊತೆಗೆ ಬತ್ತೀನಿ." ಆಮೇಲೆ ಅತ್ತೆಯತ್ತ ತಿರುಗಿದರು. "ನಾಯಿಗೆ ಆಟೋ ಮಾಡ್ಕೊಂಡು ಬಂದ್ರಲ್ಲಮ್ಮ, ಮಗಳಿಗೆ ಮಾಡಲ್ವಾ?"

ಅತ್ತೆ ಬೀಗದ ಕೈ ಗೊಂಚಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಹೇಳಿದಂತೆ ಕೋಲಾರದ ಆಸ್ಪತ್ರೆಗೆ ಅವರೇ ಕರೆದೊಯ್ದರು. ನಾದಿನಿಗೆ ಔಷಧಿ ಹತ್ತಿತು, ಮೂರ್ಛೆ ಬರುವುದು ನಿಂತಿತು. ಅವಳು ಮೊದಲ ಸಲ ಒಬ್ಬಳೇ ಒಲೆ ಹಚ್ಚಿ ಮುದ್ದೆ ಮಾಡಿದ ದಿನ ನಾನು ಪಕ್ಕದಲ್ಲೇ ಸುಳಿದಾಡುತ್ತಿದ್ದೆ.

ಕರಿಯನಿಗೆ ಆ ಅದೃಷ್ಟವಿರಲಿಲ್ಲ. ಮೂರ್ಛೆ ಕೆಲಕಾಲ ತಗ್ಗಿದ್ದು ಮತ್ತೆ ಹೆಚ್ಚಾಯಿತು. ಡಾಕ್ಟರಮ್ಮ ಇನ್ನೊಂದು ಔಷಧಿ ಸೇರಿಸಿದರು. ಮಾತ್ರೆಯಿಂದ ಲಿವರ್ ಕೆಟ್ಟೀತೆಂದು ಆಗಾಗ ರಕ್ತ ನೋಡುತ್ತಿದ್ದರು, ವಿಡಿಯೋಗಳನ್ನು ಜೊತೆಯ ಸಂಶೋಧಕರಿಗೆ ಕಳಿಸುತ್ತಿದ್ದರು. "ಕೆಲವು ನಾಯಿಗೆ ಯಾವ ಔಷಧಿನೂ ಪೂರಾ ಹತ್ತಲ್ಲ. ಯಾಕೆ ಅಂತ ನಮಗಿನ್ನೂ ಗೊತ್ತಿಲ್ಲ" ಎಂದು ನೇರವಾಗಿ ಹೇಳುತ್ತಿದ್ದರು. ಹಾಗೂ ಹೀಗೂ ಕೆಲವು ವರ್ಷ ಉಳಿಸಿಕೊಟ್ಟರು. ಕೊನೆಗೊಂದು ದಿನ ಮೂರ್ಛೆಯ ಮೇಲೆ ಮೂರ್ಛೆ ಬಂದು, ಇಂಜೆಕ್ಷನ್ನಿಗೂ ಬಗ್ಗದೆ, ಅವರ ಮೇಜಿನ ಮೇಲೆಯೇ ಕರಿಯ ಹೋಯಿತು.

ಕಣ್ಣೊರೆಸಿಕೊಂಡು ಅವರು ಕೇಳಿದರು: "ಇದರ ಮಿದುಳು ಪರೀಕ್ಷೆಗೆ ಕಳಿಸಲಾ? ಬೇಡ ಅಂದ್ರೆ ಬೇಡ."

ನಾದಿನಿ ಕರಿಯನ ಬೆನ್ನಿಗೆ ಮುಖ ಒತ್ತಿಕೊಂಡಳು. "ಕಳ್ಸಿ. ಬೇರೆ ನಾಯಿಗಾದ್ರೂ ಆಗ್ಲಿ."

ಹೋದ ವರ್ಷ ಡಾಕ್ಟರಮ್ಮ ಕ್ಯಾನ್ಸರಿನಿಂದ ತೀರಿಕೊಂಡರು. ಕೋರಮಂಡಲ್‌ನ ಅವರ ಮನೆಯ ಮುಂದೆ ಜನವೋ ಜನ, ಕೆಲವರು ನಾಯಿಗಳನ್ನೂ ಕರೆತಂದಿದ್ದರು. ಅಳುತ್ತಿದ್ದ ನಾದಿನಿಯನ್ನು ಯಾರೋ, "ನಿಮ್ಗೆ ಏನಾಗ್ಬೇಕು ಇವ್ರು?" ಎಂದು ಕೇಳಿದರು.

"ನಂಗೆ ಮೂರ್ಛೆರೋಗ ಐತೆ. ಮೊದ್ಲು ಆಸ್ಪತ್ರೆಗೆ ಕರ್ಕೊಂಡೋದವ್ರು ಇವ್ರೇ" ಎಂದಳು, ಎಲ್ಲರಿಗೂ ಕೇಳುವಂತೆ.

ಅಲ್ಲಿದ್ದ ನಮ್ಮೂರಿನವರು ತಿರುಗಿ ನೋಡಿದರು. ಅತ್ತೆ ಗದರಲಿಲ್ಲ. ಸೆರಗು ಸರಿಮಾಡಿಕೊಂಡು, "ಊಂ, ನಮ್ಮುಡುಗೀಗೇ ಐತೆ" ಎಂದು ಮಗಳ ಪಕ್ಕಕ್ಕೆ ಬಂದು ನಿಂತರು.